ತೂಕವೂ ತವರಿನ ಹೆರಿಗೆಯೂ



ಚಳ್ಳಕೆರೆಯ ಮಂಡಿಗಳಲ್ಲಿ ಶೇಂಗಾ ಚೀಲವನ್ನು ತೂಗದೆ ಯಾರೂ ಬೆಲೆ ಹೇಳುವುದಿಲ್ಲ. ಎಣ್ಣೆಯ ಗಿರಣಿಗಳಿಂದ ಹೆಸರಾದ ಆ ಊರಿನಲ್ಲಿ ತೂಕವೆಂಬುದು ನಿತ್ಯದ ಮಾತು. ಆದರೆ ನಾನು ಚಿಕ್ಕವಳಿದ್ದಾಗ ನಮ್ಮ ಸೀಮೆಯಲ್ಲಿ ಬಸುರಿ ಹೆಂಗಸನ್ನು ತೂಗಿದ್ದನ್ನು ನಾನಂತೂ ಕಾಣೆ. ಅಂದಿನ ಅಳತೆಯೆಲ್ಲ ಹಿರಿಯರ ಕಣ್ಣಿನದು.

ಮೊಳಕಾಲ್ಮೂರು ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ, ಎಂಟು ತಿಂಗಳು ತುಂಬಿದ ಚಿಕ್ಕಮ್ಮನ ತಟ್ಟೆಯಿಂದ ಅಜ್ಜಿ ಅರ್ಧ ಮುದ್ದೆಯನ್ನು ಮುರಿದು ತೆಗೆದಿರಿಸುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. “ಕೂಸು ದಪ್ಪಾದ್ರೆ ಹೆರೋದು ಕಷ್ಟ ಆಗ್ತೈತೆ ಕಣವ್ವ” ಎಂಬುದು ಆಕೆಯ ವಾದ. ಆ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಭಯವಿತ್ತು. ಆಸ್ಪತ್ರೆ ದೂರ, ದಾರಿ ಬಂಡಿಯದು, ನಡುರಾತ್ರಿ ಹೆರಿಗೆ ತಡೆದರೆ ಮಾಡುವುದೇನು? ಕಡಿಮೆ ಉಣ್ಣಿಸುವುದೊಂದೇ ಆಕೆಯ ಕೈಯಲ್ಲಿದ್ದ ಉಪಾಯ. ಚಿಕ್ಕಮ್ಮ ಮೊದಲೇ ಬಡಕಲು. ಹುಟ್ಟಿದ ಕೂಸು ತೀರ ಸಣ್ಣದು. ಹನ್ನೊಂದನೆಯ ದಿನವನ್ನು ಅದು ಕಾಣಲಿಲ್ಲ.

ಹೆರಿಗೆ ತಡೆಯಲು ತಾಯಿಯ ಕಟಿಯ ಅಳತೆ, ಮಗು ಮಲಗಿರುವ ಬಗೆ ಮುಂತಾದ ಕಾರಣಗಳಿವೆ. ಬಡಕಲು ತಾಯಿಯ ಊಟವನ್ನು ಕಡಿದರೆ ಹೆರಿಗೆ ಸುಲಭವಾಗುತ್ತದೆಂಬ ಭರವಸೆಯಿಲ್ಲ. ಕೂಸು ಸೊರಗುವುದಂತೂ ಉಂಟು. ಎರಡೂವರೆ ಕಿಲೊಗಿಂತ ಕಡಿಮೆ ತೂಗುವ ಶಿಶುವಿಗೆ ಮೈಯ ಬಿಸುಪನ್ನು ಉಳಿಸಿಕೊಳ್ಳುವುದೂ ಕಷ್ಟ, ಸೋಂಕನ್ನು ಎದುರಿಸುವುದೂ ಕಷ್ಟ. 2017ರ ಗಾಂಧೀ ಜಯಂತಿಯಂದು ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಆರಂಭವಾದಾಗ, ಬಸುರಿಯರು ಅಂಗನವಾಡಿಗೇ ಬಂದು ಕುಳಿತು ಉಣ್ಣಬೇಕೆಂಬ ನಿಯಮವನ್ನು ಹಲವರು ಟೀಕಿಸಿದರು. ನನಗೆ ಮಾತ್ರ ಅದು ಹಿಡಿಸಿತು. ಅಲ್ಲಿಯ ತಟ್ಟೆಗೆ ಅಜ್ಜಿಯ ಕೈ ಎಟುಕುವುದಿಲ್ಲವಷ್ಟೆ.

ಈಗ ಕಾಲ ಇನ್ನೊಂದು ಮಗ್ಗುಲಿಗೆ ಹೊರಳಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 17 ಮಂದಿ ತೀರ ತೆಳ್ಳಗಿನವರು. ಸುಮಾರು 30 ಮಂದಿ ಮಿತಿಮೀರಿದ ತೂಕದವರು. ಈ ಎರಡನೆಯ ಗುಂಪಿನವಳು ನನ್ನ ತಂಗಿಯ ಮಗಳು. ಚಳ್ಳಕೆರೆಗೆ ಕೊಟ್ಟ ಹುಡುಗಿ, ಚೊಚ್ಚಲು ಬಸುರು. ಮೂರನೆಯ ತಿಂಗಳಲ್ಲಿ ತೂಗಿದಾಗ 84 ಕಿಲೊ, ಎತ್ತರ ಐದಡಿ. ಕಿಲೊಗಳನ್ನು ಎತ್ತರದ ಮೀಟರಿನ ವರ್ಗದಿಂದ ಭಾಗಿಸಿದರೆ 36 ಬರುತ್ತದೆ. 30 ದಾಟಿದರೆ ಸ್ಥೂಲಕಾಯವೆಂದು ಲೆಕ್ಕ. (ಈ ಸೂತ್ರದ ಮೂಲಪುರುಷನಾದ ಬೆಲ್ಜಿಯಮ್ಮಿನ ಕೆತಲೆ ವೈದ್ಯನಲ್ಲ, ಗಣಿತಜ್ಞ, ಬಸುರಿಯರಿಗಾಗಿ ಅವನು ಅದನ್ನು ಹೊಸೆದದ್ದೂ ಅಲ್ಲ.)

ತೂಗಿದವರು ಆ ಅಂಕಿಯನ್ನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಕೂಗಿ ಹೇಳಿದರಂತೆ. ಯಾರೋ ನಕ್ಕರು. ಆ ನಗೆಗೆ ಹೆದರಿ ಹುಡುಗಿ ಎರಡು ತಿಂಗಳು ತಪಾಸಣೆಗೆ ಹೋಗಲಿಲ್ಲ; ಮನೆಯಲ್ಲಿ ಹೋಗಿಬಂದೆನೆಂದು ಸುಳ್ಳು ಹೇಳಿದಳು. ಆರನೆಯ ತಿಂಗಳಲ್ಲಿ ನೋಡಿದಾಗ ರಕ್ತದೊತ್ತಡ ಏರಿತ್ತು.

ಆಗ ಎದ್ದಿತು ತವರಿನ ಪ್ರಶ್ನೆ. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಬರಿಯ ಶಾಸ್ತ್ರವಲ್ಲ, ತಾಯಿಯ ಮಾನ. ಆದರೆ ನನ್ನ ತಂಗಿಯ ಹಳ್ಳಿಯಿಂದ ಚಿತ್ರದುರ್ಗವೂ ದೂರ, ಬಳ್ಳಾರಿಯೂ ದೂರ. ಇಂಥ ತೂಕದವಳಿಗೆ ಒತ್ತಡ, ಸಕ್ಕರೆ, ಹೆರಿಗೆಯ ಬಳಿಕ ಅತಿ ರಕ್ತಸ್ರಾವ, ಮಗುವಿನ ಭುಜ ಸಿಕ್ಕಿಕೊಳ್ಳುವುದು, ಇವೆಲ್ಲದರ ಸಂಭವ ಹೆಚ್ಚು; ಬೆನ್ನಿಗೆ ಅರಿವಳಿಕೆ ಕೊಡುವುದೂ ನುರಿತ ಕೈಯ ಕೆಲಸ; ಆದುದರಿಂದ ರಕ್ತವೂ ಅರಿವಳಿಕೆಯ ತಜ್ಞರೂ ಹಗಲಿರುಳು ಸಿಗುವಲ್ಲಿಯೇ ಹೆರಿಗೆಯಾಗಲಿ ಎಂದರು ವೈದ್ಯೆ. “ಹಂಗಾದ್ರೆ ಕೊಯ್ಯಲೇಬೇಕಾ ಮೇಡಂ?” ಎಂದು ಹುಡುಗಿ ಕೇಳಿದಳು. ತೂಕವೊಂದೇ ಸಿಸೇರಿಯನ್ನಿಗೆ ಕಾರಣವಾಗದು, ಸಹಜವಾಗಿ ಆಗುವುದಾದರೆ ಆಗಲಿ, ದಪ್ಪ ಮೈಯಲ್ಲಿ ಕೊಯ್ದ ಗಾಯ ಮಾಯುವುದೂ ನಿಧಾನ ಎಂದು ಆಕೆ ಬಿಡಿಸಿ ಹೇಳಿದರು. ಉಪವಾಸ ಬೇಡವೆಂದೂ ಎಚ್ಚರಿಸಿದರು. ತೆಳ್ಳಗಿನ ಬಸುರಿ 12.5ರಿಂದ 18 ಕಿಲೊ ಏರಬೇಕೆಂದಿರುವಲ್ಲಿ ಇವಳು 5ರಿಂದ 9 ಏರಿದರೆ ಸಾಕು. ಆದರೆ ಇಳಿಸಲು ಹೊರಡಬಾರದು.

ತಂಗಿ ಒಪ್ಪಲಿಲ್ಲ. “ಪಕ್ಕದ ಪಾವಗಡದ ಸೂಲಗಿತ್ತಿ ನರಸಮ್ಮನೋರು ಹದಿನೈದು ಸಾವಿರ ಹೆರಿಗೆ ಮಾಡಿಸಿದ್ರು, ಪದ್ಮಶ್ರೀ ಬಂತು. ಅವರು ಯಾರನ್ನ ತೂಗಿ ನೋಡಿದ್ರಕ್ಕಾ?” ಎಂದಳು. 2018ರಲ್ಲಿ ಆ ಗೌರವ ಪಡೆದು ಅದೇ ವರ್ಷ ತೀರಿಕೊಂಡ ಆ ಮಹಾತಾಯಿಯ ಬಗ್ಗೆ ನನಗೂ ಗೌರವವೇ. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆಯೆಂದು ಹೇಳುವ ವಿದ್ಯೆ ಸಣ್ಣದಲ್ಲ. ಆದರೆ ರಕ್ತದೊತ್ತಡ ಕೈಗೆ ತಾಗುವುದಿಲ್ಲ ಕಣೇ ಎಂದೆ. ಒಂದು ವಾರ ಅವಳು ನನ್ನೊಡನೆ ಮಾತು ಬಿಟ್ಟಳು.

ಕೊನೆಗೆ ಹಾದಿಯೊಂದು ಹೊಳೆಯಿತು. ಏಳನೆಯ ತಿಂಗಳಲ್ಲಿ ಸೀಮಂತ ತವರಿನಲ್ಲಿ. ಒಂಬತ್ತು ಬೀಳುತ್ತಲೇ ಚಿತ್ರದುರ್ಗದ ನೆಂಟರ ಮನೆಯಲ್ಲಿ ವಾಸ, ಹೆರಿಗೆ ಅಲ್ಲಿಯ ಆಸ್ಪತ್ರೆಯಲ್ಲಿ. ಬಾಣಂತನ ಮತ್ತೆ ತವರಿನಲ್ಲಿ. ನೋವು ಬಂದ ರಾತ್ರಿ ಯಾರೂ ವಾಹನಕ್ಕಾಗಿ ಓಡಬೇಕಾಗಲಿಲ್ಲ. ಹದಿನಾಲ್ಕು ಗಂಟೆ ಕಾದರು. ಮಗುವಿನ ಎದೆಬಡಿತ ಕುಗ್ಗತೊಡಗಿದಾಗ ಕೊಯ್ದೇ ತೆಗೆದರು. ಹೆಣ್ಣು ಮಗು, 3 ಕಿಲೊ 100 ಗ್ರಾಂ.

ಬಾಣಂತಿಯ ಗಾಯ ಮಾಯಲು ತಿಂಗಳು ಮೀರಿತು. ಆ ನೋವನ್ನು ಅವಳು ಈಗ ಹೆಚ್ಚು ನೆನೆಯುವುದಿಲ್ಲ. ತೂಕದ ಯಂತ್ರದ ಮುಂದೆ ಕೇಳಿದ ನಗೆಯನ್ನು ಮಾತ್ರ ಇನ್ನೂ ಹೇಳುತ್ತಾಳೆ. ಮಗುವಿಗೆ ಲಸಿಕೆ ಹಾಕಿಸಲು ಹೋಗುವಾಗ ತಾಯಿಯನ್ನೇ ಜೊತೆಗೆ ಕರೆದೊಯ್ಯುತ್ತಾಳೆ.