ಗೂಢಚಾರನಿಗೆ ಚಾಳಿನ ಮೆಟ್ಟಿಲು

ಕಲ್ಯಾಣ, ಡೊಂಬಿವಲಿಯ ಕಾಲೇಜು ಹುಡುಗರು ಗೂಢಚಾರಿ ಕಿರುಚಿತ್ರಕ್ಕೆ ಹೊರಟರೆ ಮೊದಲು ಹುಡುಕುವುದು ನವಿ ಮುಂಬಯಿಯ ಗಾಜಿನ ಕಟ್ಟಡ, ಕಪ್ಪು ಕೋಟು, ಆಟಿಕೆ ಪಿಸ್ತೂಲು. ಮೂರೂ ಬೇಡ ಎನ್ನುತ್ತೇನೆ. ಗೂಢಚಾರನ ಕಸುಬೇ ಯಾರ ಕಣ್ಣಿಗೂ ಬೀಳದಿರುವುದು. ಅವನಿಗೆ ಒಪ್ಪುವುದು ಹಳೆಯ ಚಾಳಿನ ಮೆಟ್ಟಿಲು, ಕಲ್ಯಾಣದ ದುರ್ಗಾಡಿ ಕೋಟೆಯ ಕೆಳಗಿನ ಖಾಡಿ ದಂಡೆ. ಗುಪ್ತಪತ್ರ ಕೈ ಬದಲಾಗಲು ಊಟದ ಡಬ್ಬಿಗಿಂತ ಒಳ್ಳೆಯ ಸಾಮಾನು ಯಾವುದು? ಒಂದೇ ಬಗೆಯ ಎರಡು ಡಬ್ಬಿ ಅದಲುಬದಲಾದರೆ ಸಾಕು. ಪಿಸ್ತೂಲು ಆಟಿಕೆಯೆಂದು ದಾರಿಹೋಕರಿಗೇನು ಗೊತ್ತು, ಪೊಲೀಸರೇ ಬಂದಾರು! ಡಬ್ಬಿ ಬದಲಾಗಲು ರೈಲು ನಿಲ್ದಾಣವೇ ಬೇಕೆನಿಸಿದರೆ, ಅದರೊಳಗಿನ ಚಿತ್ರೀಕರಣಕ್ಕೆ ರೈಲ್ವೆಯ ಅನುಮತಿ ಬೇಕು. ಹೊರಗೆ ನಿಂತು ಲೋಕಲ್ಲಿನ ಸದ್ದು ಕೇಳಿಸಿದರೂ ನಿಲ್ದಾಣ ಮನಸ್ಸಿನಲ್ಲಿ ಮೂಡುತ್ತದೆ.

ವೈಭವವಿಲ್ಲದೆ ಬಾಂಡ್ ಶೈಲಿಯ ಚಿತ್ರವೇ ಎಂದು ಕೇಳಬಹುದು. ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಬಂದ, ದೊರೆ-ಭಗವಾನ್ ನಿರ್ದೇಶನದ 1968ರ ‘ಜೇಡರ ಬಲೆ’ ಬಾಂಡ್ ಶೈಲಿಯದೇ, ಆದರೂ ಕಪ್ಪು-ಬಿಳುಪಿನದು. ಬಣ್ಣವಿರದಿದ್ದರೂ ನೆರಳಿತ್ತು. ಒಂದೇ ಕಡೆಯಿಂದ ಮೇಜಿನ ದೀಪ ಬಿದ್ದರೆ ಅರ್ಧ ಮುಖ ಕತ್ತಲಲ್ಲಿ ಉಳಿಯುತ್ತದೆ. ಎದುರಿಗೆ ಬಿಳಿ ಥರ್ಮೋಕೋಲ್ ಹಿಡಿದರೆ ಆ ಕತ್ತಲು ಬೇಕಾದಷ್ಟೇ ತಿಳಿಯಾಗುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಕತ್ತಲ ಚಿತ್ರ ಕಾಳುಕಾಳಾಗುತ್ತದೆಂಬ ಆಕ್ಷೇಪವೂ ನಿಜವೇ. ಹಾಗಾಗಿ ರಾತ್ರಿಯ ದೃಶ್ಯವನ್ನು ಸೂರ್ಯ ಮುಳುಗಿದ ಬೆನ್ನಿಗೇ, ಬೀದಿದೀಪ ಹೊತ್ತಿ ಆಕಾಶ ಇನ್ನೂ ನೀಲಿಯಿರುವಾಗಲೇ ತೆಗೆದು ಮುಗಿಸಬೇಕು.