ಗ್ರಾಮ ಪಂಚಾಯಿತಿಯೂ ಉದ್ಯೋಗದಾತ: ಕಾರ್ಮಿಕ ಕಾನೂನಿನಡಿ ಸದಸ್ಯರ ಹೊಣೆ



ಕಾರ್ಮಿಕ ಕಾನೂನು ಎಂದೊಡನೆ ಕಾರ್ಖಾನೆ, ಸಿದ್ಧ ಉಡುಪು ಘಟಕ, ಇಟ್ಟಿಗೆ ಗೂಡು ನೆನಪಿಗೆ ಬರುತ್ತವೆ. ಪಂಚಾಯಿತಿ ಕಚೇರಿ ನೆನಪಿಗೆ ಬರುವುದಿಲ್ಲ. ಬೆಳಗಿನ ಜಾವ ಎದ್ದು ವಾಲ್ವ್ ತಿರುಗಿಸುವ ನೀರುಗಂಟಿ, ಕರ ವಸೂಲಿಗಾರ, ಡಾಟಾ ಎಂಟ್ರಿ ಆಪರೇಟರ್, ಜವಾನ, ಸ್ವಚ್ಛತಾಗಾರ, ಇವರೆಲ್ಲರ ಉದ್ಯೋಗದಾತ ಯಾರು? ಸರ್ಕಾರವೆಂದು ಕೆಲವರು, ಜಿಲ್ಲಾ ಪಂಚಾಯಿತಿಯೆಂದು ಕೆಲವರು ಹೇಳುವುದುಂಟು. ನೇಮಕಕ್ಕೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರ ಅನುಮೋದನೆ ಬೇಕೆಂಬುದು ನಿಜ. ಆದರೆ ನೇಮಿಸುವುದು, ಕೆಲಸ ಹಚ್ಚುವುದು, ವೇತನ ಕೊಡುವುದು ಗ್ರಾಮ ಪಂಚಾಯಿತಿಯೇ. ಆದುದರಿಂದ ಕಾನೂನಿನ ದೃಷ್ಟಿಯಲ್ಲಿ ಉದ್ಯೋಗದಾತನೂ ಅದೇ.

ಇದು ಹೊಸ ಮಾತಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ ಅನುಸೂಚಿಯಲ್ಲಿಯೇ ಸ್ಥಳೀಯ ಪ್ರಾಧಿಕಾರದ ಅಡಿಯ ಉದ್ಯೋಗ ಸೇರಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ನಾಲ್ಕು ಕಾರ್ಮಿಕ ಸಂಹಿತೆಗಳು 29 ಹಳೆಯ ಕಾನೂನುಗಳ ಸ್ಥಾನವನ್ನು ಪಡೆದಿವೆ. ಅವುಗಳಲ್ಲಿ 2019ರ ವೇತನ ಸಂಹಿತೆಯು ಅನುಸೂಚಿಯ ಗೋಜನ್ನೇ ತೆಗೆದುಹಾಕಿ, ಕನಿಷ್ಠ ವೇತನವನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿದೆ. ಉದ್ಯೋಗ ಖಾತರಿ ಕೂಲಿಯ ನಿಯಮಗಳು ಪ್ರತ್ಯೇಕವಾದುದರಿಂದ ಇಲ್ಲಿ ಅವುಗಳ ಚರ್ಚೆಯಿಲ್ಲ.

ಅಧಿಸೂಚಿತ ಕನಿಷ್ಠ ವೇತನಕ್ಕಿಂತ ಒಂದು ರೂಪಾಯಿ ಕಡಿಮೆಯಾದರೂ ಅದು ಉಲ್ಲಂಘನೆಯೇ. ಕರ್ನಾಟಕದಲ್ಲಿ ತುಟ್ಟಿ ಭತ್ಯೆಯು ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕೃತವಾಗುತ್ತ ಬಂದಿದೆ. ಹಿಂದಿನ ವರ್ಷದ ದರವನ್ನೇ ಮುಂದುವರಿಸಿದ ಪಂಚಾಯಿತಿ ತನಗರಿವಿಲ್ಲದೆಯೇ ಬಾಕಿದಾರನಾಗುತ್ತದೆ. ಮಜರೆ ಗ್ರಾಮಕ್ಕೊಬ್ಬನಂತೆ ನೀರು ಬಿಡುವವನನ್ನು ಇಟ್ಟುಕೊಂಡು, ಅಲ್ಪ ಮೊತ್ತಕ್ಕೆ "ಗೌರವಧನ" ಎಂದು ಹೆಸರಿಡುವ ರೂಢಿಯೂ ಕೆಲವೆಡೆ ಇದೆ. ಹೆಸರು ಬದಲಿಸಿದರೆ ಕೆಲಸದ ಸ್ವರೂಪ ಬದಲಾಗುವುದಿಲ್ಲ. ನಿಗದಿತ ಹೊತ್ತಿಗೆ ಬಂದು, ಹೇಳಿದ ಕೆಲಸ ಮಾಡಿ, ಬಾರದ ದಿನ ಲೆಕ್ಕಕ್ಕೊಳಗಾಗುವವನು ಪಡೆಯುವುದು ವೇತನವೇ.

"ಕರ ವಸೂಲಿಯಾಗಿಲ್ಲ, ಅನುದಾನ ಬಂದಿಲ್ಲ, ಎಲ್ಲಿಂದ ಕೊಡುವುದು?" ಎಂಬ ಪ್ರಶ್ನೆ ಸಾಮಾನ್ಯ ಸಭೆಗಳಲ್ಲಿ ಕೇಳಿಬರುತ್ತದೆ. ಪ್ರಶ್ನೆ ಪ್ರಾಮಾಣಿಕವೇ. ಆದರೆ ಅದಕ್ಕೆ ಉತ್ತರ ಬಹಳ ಹಿಂದೆಯೇ ದೊರೆತಿದೆ. 1961ರಲ್ಲಿ ಕೇರಳದ ಹೆಂಚು ಕಾರ್ಖಾನೆಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ ವೇತನ ನಿಗದಿಪಡಿಸುವಾಗ ಮಾಲೀಕನ ಆರ್ಥಿಕ ಸಾಮರ್ಥ್ಯ ಗಣನೆಗೆ ಬಾರದೆಂದು ಹೇಳಿತು. 1983ರಲ್ಲಿ ರಾಜಸ್ಥಾನದ ಬರ ಪರಿಹಾರ ಕಾಮಗಾರಿಯೊಂದರ ಪ್ರಕರಣ ಇನ್ನೂ ಗಂಭೀರವಾದುದು. ಅಲ್ಲಿ ರಸ್ತೆ ಕೆಲಸ ಮಾಡಿದವರಿಗೆ ಕನಿಷ್ಠಕ್ಕಿಂತ ಕಡಿಮೆ ಕೂಲಿ ದೊರೆತಿತ್ತು. ಬರ ಪರಿಹಾರದ ಕೆಲಸಕ್ಕೆ ಕಾರ್ಮಿಕ ಕಾನೂನುಗಳಿಂದ ವಿನಾಯಿತಿ ಇದೆಯೆಂದು ರಾಜ್ಯ ಸರ್ಕಾರ ವಾದಿಸಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಬಡವನೊಬ್ಬ ಕಡಿಮೆ ಕೂಲಿಗೆ ಒಪ್ಪಿ ಸಹಿ ಹಾಕಿದ್ದಾನೆ ಎಂಬ ಕಾಗದಕ್ಕೆ ಬೆಲೆಯಿಲ್ಲದಿರುವುದು ಈ ಕಾರಣದಿಂದಲೇ.

ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಪಾವತಿಸಬೇಕು. ಕೆಲಸದಿಂದ ತೆಗೆದರೆ ಅಥವಾ ನೌಕರನೇ ಬಿಟ್ಟರೆ, ಎರಡು ಕೆಲಸದ ದಿನಗಳೊಳಗೆ ಬಾಕಿ ತೀರಿಸಬೇಕು. ನಿಗದಿತ ಅವಧಿ ಮೀರಿ ದುಡಿದ ಹೊತ್ತಿಗೆ ಇಮ್ಮಡಿ ದರ ಸಲ್ಲಬೇಕು. ವಾರಕ್ಕೊಂದು ರಜೆ ಇರಬೇಕು. ನೀರುಗಂಟಿಯ ವಿಷಯದಲ್ಲಿ ಈ ಕೊನೆಯದು ಕಾಗದದಲ್ಲಷ್ಟೇ ಉಳಿದಿದೆ, ಏಕೆಂದರೆ ಊರಿಗೆ ವಾರದ ಏಳೂ ದಿನ ನೀರು ಬೇಕು. ಬದಲಿ ವ್ಯವಸ್ಥೆ ಮಾಡದಿದ್ದಾಗ ಅವನ ಮನೆಯ ಹುಡುಗ ಪಂಪ್‌ಹೌಸಿಗೆ ಹೋಗುತ್ತಾನೆ. ಹುಡುಗನಿಗೆ 14 ತುಂಬಿರದಿದ್ದು, ಅದು ಪಂಚಾಯಿತಿಗೆ ಗೊತ್ತಿದ್ದೂ ನಡೆದರೆ ಬಾಲಕಾರ್ಮಿಕ ನಿಷೇಧದ ಪ್ರಶ್ನೆ ಏಳುತ್ತದೆ. ಮಳೆಗಾಲದಲ್ಲಿ ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವ ಅಪಾಯ ಬೇರೆ. ಆ ಅಪಾಯ ನೀರುಗಂಟಿಗೂ ತಪ್ಪಿದ್ದಲ್ಲ. ಕರ್ತವ್ಯದಲ್ಲಿದ್ದಾಗ ಆತ ಗಾಯಗೊಂಡರೆ ಅಥವಾ ಸತ್ತರೆ ಪರಿಹಾರದ ಹೊಣೆ ಉದ್ಯೋಗದಾತನದು. ರಬ್ಬರ್ ಕೈಗವಸು, ಭೂಸಂಪರ್ಕ ತಂತಿ, ಪೆಟ್ಟಿಗೆಗೊಂದು ಮುಚ್ಚಳ, ಇವುಗಳ ಖರ್ಚು ಎಷ್ಟರ ಮಾತು?

ಗಂಡಾಳಿಗೊಂದು, ಹೆಣ್ಣಾಳಿಗೊಂದು ಕೂಲಿ ಎಂಬ ಹಳ್ಳಿಯ ಲೆಕ್ಕವನ್ನು ಪಂಚಾಯಿತಿಯ ಪುಸ್ತಕದೊಳಗೆ ತರಬಾರದು. ಒಂದೇ ಬಗೆಯ ಕೆಲಸಕ್ಕೆ ಲಿಂಗಭೇದದ ವೇತನವನ್ನು 1976ರಿಂದಲೇ ಕಾನೂನು ನಿಷೇಧಿಸಿದೆ. ಸಂಹಿತೆಯಲ್ಲಿಯೂ ಅದು ಮುಂದುವರಿದಿದೆ.

ಇನ್ನು ಕಾಮಗಾರಿಗಳ ಮಾತು. ಚರಂಡಿ, ರಸ್ತೆ, ಅಂಗನವಾಡಿ ಕಟ್ಟಡಗಳ ಬಿಲ್ಲಿನಲ್ಲಿ ಶೇ. 1ರಷ್ಟು ಕಾರ್ಮಿಕ ಕಲ್ಯಾಣ ಸೆಸ್ ಕಡಿತವಾಗುತ್ತದೆ. ಆ ಹಣ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ. ಆದರೆ ಆ ಚರಂಡಿಗೆ ಕಲ್ಲು ಹೊತ್ತವಳ ಹೆಸರು ಮಂಡಳಿಯ ನೋಂದಣಿಯಲ್ಲಿದೆಯೇ ಎಂದು ಕೇಳುವವರು ವಿರಳ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದವರು ನೋಂದಣಿಗೆ ಅರ್ಹರು. ಆ 90 ದಿನಗಳಿಗೆ ಪುರಾವೆ ಬೇಕು. ಹಾಜರಿ ಪುಸ್ತಕ ಇಡದ ಗುತ್ತಿಗೆದಾರನಿಂದ ಅದು ದೊರೆಯದು. ಅಂತಿಮ ಬಿಲ್ಲಿಗೆ ಒಪ್ಪಿಗೆ ಕೊಡುವ ಮುನ್ನ ಹಾಜರಿ ಹಾಗೂ ಕೂಲಿ ಪಾವತಿಯ ದಾಖಲೆ ತೋರಿಸುವಂತೆ ಸದಸ್ಯರು ಕೇಳಬಹುದು. ಕೇಳಿದ ಕಡೆ ದಾಖಲೆ ಹುಟ್ಟುತ್ತದೆ.

ಶಾಲೆ, ಸಮುದಾಯ ಶೌಚಾಲಯಗಳ ಗುಂಡಿ ತುಂಬಿದಾಗ ಆಳನ್ನು ಇಳಿಸುವ ಮಾತನ್ನು ಸಭೆಯಲ್ಲಿ ಎತ್ತಲೇಬಾರದು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ಸ್ಥಳೀಯ ಪ್ರಾಧಿಕಾರಗಳಿಗೂ ನಿಷೇಧಿಸಿದೆ. ಮೊದಲ ಅಪರಾಧಕ್ಕೇ 2 ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಒಳಚರಂಡಿ ಸಾವುಗಳಿಗೆ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರಿನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿದೆ. ಸಕ್ಕಿಂಗ್ ಯಂತ್ರದ ಬಾಡಿಗೆಯೊಡನೆ ಹೋಲಿಸಿ ನೋಡಬಹುದು.

ವೇತನದ ಬಾಕಿಗೆ ನೌಕರನು 3 ವರ್ಷದೊಳಗೆ ಅರ್ಜಿ ಸಲ್ಲಿಸಬಹುದು. ಹಿಂದೆ ಈ ಅವಧಿ 6 ತಿಂಗಳಷ್ಟೇ ಇತ್ತು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಲು ಪ್ರಾಧಿಕಾರಿಗೆ ಅಧಿಕಾರವಿದೆ. ಕೊಟ್ಟಿದ್ದೇವೆ ಎಂದು ರುಜುವಾತುಪಡಿಸುವ ಭಾರ ಪಂಚಾಯಿತಿಯದೇ. ಆದುದರಿಂದ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಮೂರು ದಾಖಲೆಗಳ ಪರಿಶೀಲನೆಯನ್ನು ಸೇರಿಸುವುದು ಸೂಕ್ತ: ಪ್ರಸಕ್ತ ಸಾಲಿನ ಕನಿಷ್ಠ ವೇತನ ಅಧಿಸೂಚನೆ, ನೌಕರರ ಹಾಜರಿ ಪುಸ್ತಕ, ಕಳೆದ ಹನ್ನೆರಡು ತಿಂಗಳ ವೇತನ ಪಾವತಿಯ ದಿನಾಂಕಗಳು. ಅಂದಿನ ಸಭೆಗೆ ನೀರುಗಂಟಿಯನ್ನೂ ಕರೆದು, ಕುರ್ಚಿ ಕೊಟ್ಟು, ಅವನ ಲೆಕ್ಕವನ್ನು ಅವನ ಬಾಯಿಂದಲೇ ಕೇಳಬೇಕು.