ಹೂವಿಗೆ ಎಷ್ಟು ಹತ್ತಿರ ಹೋಗಬೇಕು?

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಇದೇ ಮೇಜಿನ ಸುತ್ತ ನಡೆದ ಒಂದು ಸಣ್ಣ ವಾಗ್ವಾದವೇ ಈ ಭಾಷಣಕ್ಕೆ ಕಾರಣ. ನಮ್ಮ ಸದಸ್ಯರೊಬ್ಬರು ಹೊಸ ಮೊಬೈಲು ಕೊಂಡು ತಂದಿದ್ದರು. ಪೆಟ್ಟಿಗೆಯ ಮೇಲೆ ‘ಮ್ಯಾಕ್ರೋ ಕ್ಯಾಮರಾ’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಆ ಒಂದು ಮಾತಿಗಾಗಿ ಅವರು ಸಂಬಳದಲ್ಲಿ ಉಳಿಸಿದ ಹಣವನ್ನು ಹೆಚ್ಚಾಗಿ ತೆತ್ತಿದ್ದರು. ಮತ್ತೊಬ್ಬರು, “ಹತ್ತಿರ ಹೋಗಿ ಹಿಡಿದರೆ ಅದೇ ಮ್ಯಾಕ್ರೋ, ಅದಕ್ಕೆ ದುಡ್ಡೇಕೆ ಕೊಟ್ಟಿರಿ ಸ್ವಾಮಿ?” ಎಂದರು. ಕೊಂಡವರ ಮುಖ ಸಣ್ಣದಾಯಿತು. ಇಬ್ಬರ ಮಾತಿನಲ್ಲಿಯೂ ಅರ್ಧ ನಿಜವಿತ್ತು. ಉಳಿದರ್ಧವನ್ನು ಹೇಳಲು ಕಾರ್ಯದರ್ಶಿಗಳು ನಮ್ಮನ್ನು ನಿಲ್ಲಿಸಿದ್ದಾರೆ.

ನಾವು ಛಾಯಾಚಿತ್ರ ಶಾಸ್ತ್ರದ ಪಂಡಿತರಲ್ಲ, ಗಿರಣಿಯ ಗುಮಾಸ್ತರು. ಆದರೆ ಬಟ್ಟೆಯ ಗಿರಣಿಯಲ್ಲಿ ಪಿಕ್ ಗ್ಲಾಸ್ ಎಂಬ ಒಂದು ಪುಟ್ಟ ಮಡಿಚುವ ಮಸೂರವಿರುತ್ತದೆ. ಅದನ್ನು ಬಟ್ಟೆಯ ಮೇಲಿಟ್ಟು ಒಂದು ಅಂಗುಲಕ್ಕೆ ಎಷ್ಟು ಹಾಸು, ಎಷ್ಟು ಹೊಕ್ಕು ಎಂದು ಎಣಿಸುತ್ತಾರೆ. ಆ ಮಸೂರದೊಳಗೆ ಒಂದೊಂದು ಎಳೆಯೂ ಹಗ್ಗದಂತೆ ಕಾಣುತ್ತದೆ. ಆದರೆ ಅದು ಸೀರೆಯೋ ಪಂಚೆಯೋ ಅದರಿಂದ ಹೇಳಲಾಗದು. ಸೆರಗು, ಅಂಚು ಕಾಣಬೇಕಾದರೆ ಮಸೂರ ತೆಗೆದು ಬಟ್ಟೆಯನ್ನು ಕೈಯಳತೆಯಲ್ಲಿ ಹಿಡಿದು ನೋಡಬೇಕು. ಮ್ಯಾಕ್ರೋ ಎಂಬುದು ಪಿಕ್ ಗ್ಲಾಸಿನ ನೋಟ. ಕ್ಲೋಸಪ್ ಎಂಬುದು ಕೈಯಳತೆಯ ನೋಟ.

ಹಳೆಯ ಕ್ಯಾಮರಾದವರ ಲೆಕ್ಕ ಹೀಗೆ: ವಸ್ತು ಎಷ್ಟು ದೊಡ್ಡದೋ ಫಿಲ್ಮಿನ ಮೇಲೆಯೂ ಅಷ್ಟೇ ದೊಡ್ಡದಾಗಿ ಮೂಡಿದರೆ, ಅಂದರೆ ಒಂದಕ್ಕೊಂದು ಅಳತೆಯಾದರೆ, ಅದು ಮ್ಯಾಕ್ರೋ. ಅದಕ್ಕೆ ಕಡಮೆಯಾದದ್ದು ಕ್ಲೋಸಪ್. ಮೊಬೈಲಿನಲ್ಲಿ ಫಿಲ್ಮಿನ ಬದಲು ಇರುವ ಸಂವೇದಕವು ಕಿರುಬೆರಳಿನ ಉಗುರಿನಷ್ಟು, ಅಗ್ಗದವುಗಳಲ್ಲಿ ಅದಕ್ಕಿಂತಲೂ ಚಿಕ್ಕದು. ಆದುದರಿಂದ ಫೋನಿನ ಮ್ಯಾಕ್ರೋ ಬಹುಮಟ್ಟಿಗೆ ಆ ಹಳೆಯ ಅಳತೆಯನ್ನು ಮುಟ್ಟುವುದಿಲ್ಲ. ಆದರೂ ಅಷ್ಟು ಸಣ್ಣ ಜಾಗದಲ್ಲಿ ಮೂಡಿದ್ದೇ ಪರದೆಯ ತುಂಬ ಹಿಗ್ಗುವುದರಿಂದ ನಮ್ಮ ಕಣ್ಣಿಗೆ ಮ್ಯಾಕ್ರೋ ಎಂದೇ ತೋರುತ್ತದೆ. ಈ ಹೆಸರಿನ ಜಗಳ ಇಲ್ಲಿಗೆ ಸಾಕು.

ನಾವು ಈ ವ್ಯತ್ಯಾಸವನ್ನು ಕಲಿತದ್ದು ಪುಸ್ತಕದಿಂದಲ್ಲ, ನಮ್ಮ ತಾಯಿಯವರಿಂದ. ದಿಲ್ಲಿಗೆ ಬಂದಂದಿನಿಂದ ಅವರದು ಒಂದೇ ಪ್ರಶ್ನೆ: “ಆ ಊರಿನಲ್ಲಿ ಮರಗಿಡ ಏನಾದರೂ ಇವೆಯೇನೋ, ಬರೀ ಹೊಗೆಯೋ?” ಎರಡು ವರ್ಷದಿಂದ ಊರಿಗೆ ಹೋಗಲು ಆಗಿಲ್ಲ, ಉತ್ತರವನ್ನಾದರೂ ಕಳಿಸೋಣವೆಂದು ಮೇ ತಿಂಗಳ ಒಂದು ಭಾನುವಾರ ಲೋಧಿ ಉದ್ಯಾನಕ್ಕೆ ಹೋದೆವು. 1936ರಲ್ಲಿ ಲೇಡಿ ವಿಲಿಂಗ್ಡನ್ ಪಾರ್ಕ್ ಎಂಬ ಹೆಸರಿನಿಂದ ತೆರೆದ ತೋಟ ಅದು. ಕಕ್ಕೆಮರ ಮೈಯೆಲ್ಲ ಹಳದಿಯಾಗಿ ನಿಂತಿತ್ತು. ಇಲ್ಲಿಯವರು ಅದನ್ನು ಅಮಲ್ತಾಸ್ ಎನ್ನುತ್ತಾರೆ. ನಾವು ಕೈಗೆಟುಕುವ ಒಂದು ಗೊಂಚಲಿಗೆ ಫೋನನ್ನು ಎರಡು ಬೆರಳು ದೂರಕ್ಕೆ ತಂದು, ಮ್ಯಾಕ್ರೋ ಗುಂಡಿ ಒತ್ತಿ, ಒಳ್ಳೆಯ ಚಿತ್ರವೆಂದು ಹಿಗ್ಗಿ ಕಳಿಸಿದೆವು. ತಾಯಿಯವರ ಉತ್ತರ ಧ್ವನಿಯಲ್ಲಿ ಬಂತು: “ಇದೇನೋ ಮಗಾ, ಹಳದಿ ಕಂಬಳಿಹುಳುವೇ? ಮೈಮೇಲೆ ಬಿಟ್ಟುಕೊಂಡೀಯೆ, ಹುಷಾರು!”

ಅವರ ತಪ್ಪೇನೂ ಇಲ್ಲ. ಕಕ್ಕೆಯ ಹೂವಿನಲ್ಲಿ ಹತ್ತು ಕೇಸರಗಳಿರುತ್ತವೆ. ಅವುಗಳಲ್ಲಿ ಮೂರು ಉದ್ದವಾಗಿ ಬಳುಕಿ ಬಾಗಿರುತ್ತವೆ. ನಮ್ಮ ಚಿತ್ರದಲ್ಲಿ ಸ್ಪಷ್ಟವಾಗಿದ್ದದ್ದು ಆ ಒಂದು ಬಾಗಿದ ಕೇಸರ ಮಾತ್ರ. ಉಳಿದುದೆಲ್ಲ ಹಳದಿ ಮಂಜು. ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಬಹಳ ಕಿರಿದು. ದಳ ಸರಿಯಾದರೆ ಕೇಸರ ಮಸುಕು, ಕೇಸರ ಸರಿಯಾದರೆ ದಳ ಮಸುಕು.

ಮರುವಾರ ಒಂದು ಗೇಣು ಹಿಂದೆ ಸರಿದು, ಗೊಂಚಲಿನ ತುದಿಯ ಮೊಗ್ಗು, ಅರಳಿದ ನಾಲ್ಕೈದು ಹೂ, ಒಂದು ಎಲೆ ಇಷ್ಟೂ ಸೇರುವಂತೆ ಹಿಡಿದು ಕಳಿಸಿದೆವು. ಈ ಸಲ ಧ್ವನಿಯೇ ಬೇರೆ. “ಕಕ್ಕೆ ಕಣೋ! ನಮ್ಮ ಹಿತ್ತಲಾಚೆ ಇತ್ತಲ್ಲ, ಅದೇ ಹೂವು. ಅದನ್ನು ಕಡಿದರು. ರಸ್ತೆ ಅಗಲ ಮಾಡಿದರಂತೆ. ನಿನಗೆ ಬೇಜಾರಾದೀತು ಅಂತ ಹೇಳಿರಲಿಲ್ಲ.” ಆ ಮರದ ಕೆಳಗೆ ನಾವು ಮಗ್ಗಿ ಬಾಯಿಪಾಠ ಮಾಡಿದ್ದೆವು. ಹುಳುವಿನ ಚಿತ್ರದಿಂದ ಈ ಸುದ್ದಿ ನಮಗೆ ಬರುತ್ತಿರಲಿಲ್ಲ.

ಈಗ ಯಂತ್ರದ ವಿಷಯ. ಫೋನಿನ ಮುಖ್ಯ ಕ್ಯಾಮರಾ ಅರ್ಧ ಗೇಣಿನಿಂದ ಒಂದು ಗೇಣಿಗಿಂತ ಹತ್ತಿರದ ವಸ್ತುವನ್ನು ಸಾಮಾನ್ಯವಾಗಿ ಸ್ಪಷ್ಟವಾಗಿ ಹಿಡಿಯಲಾರದು. ಅದಕ್ಕಿಂತ ಮುಂದೆ ಹೋದರೆ ಕೆಲವು ಫೋನುಗಳು ನಮ್ಮನ್ನು ಕೇಳದೆಯೇ ಬೇರೆ ಕಣ್ಣಿಗೆ ಬದಲಾಗುತ್ತವೆ. 2021ರಲ್ಲಿ ಬಂದ ಐಫೋನ್ 13 ಪ್ರೋ ಹೀಗೆಯೇ ತನ್ನ ಅತಿ ಅಗಲದ ಮಸೂರದಿಂದ ಎರಡು ಸೆಂಟಿಮೀಟರಿನಷ್ಟು ಹತ್ತಿರ ಹಿಡಿಯುತ್ತದೆ. ಪರದೆಯ ಮೇಲೆ ಒಂದು ಪುಟ್ಟ ಹೂವಿನ ಗುರುತು ಮೂಡಿದರೆ ಮ್ಯಾಕ್ರೋ ಆಯಿತೆಂದು ತಿಳಿಯತಕ್ಕದ್ದು. ಹೂವಿನ ಗುರುತು ಎಂದು ಎಲ್ಲ ಹೂವಿಗೂ ಅದನ್ನೇ ಇಟ್ಟುಕೊಳ್ಳಬೇಕಿಲ್ಲ. ಅದನ್ನು ಮುಟ್ಟಿ ಆರಿಸಬಹುದು. ಅಗಲದ ಮಸೂರ ಹತ್ತಿರದ ದಳವನ್ನು ಮೊರದಂತೆಯೂ ಹಿಂದಿನದನ್ನು ಚಮಚದಂತೆಯೂ ತೋರಿಸುತ್ತದೆ. ಸಾಲದ್ದಕ್ಕೆ ಫೋನಿನ ನೆರಳೇ ಹೂವಿನ ಮೇಲೆ ಬೀಳುತ್ತದೆ.

ಅಗ್ಗದ ಅನೇಕ ಫೋನುಗಳಲ್ಲಿ ಮ್ಯಾಕ್ರೋಗೆಂದೇ ಪ್ರತ್ಯೇಕವಾದ 2 ಮೆಗಾಪಿಕ್ಸೆಲಿನ ಕ್ಯಾಮರಾ ಇಟ್ಟಿರುತ್ತಾರೆ. ಅದೇ ಫೋನಿನ ಮುಖ್ಯ ಕ್ಯಾಮರಾದಲ್ಲಿ ತೆಗೆದ 12 ಮೆಗಾಪಿಕ್ಸೆಲಿನ ಚಿತ್ರದಿಂದ ಆರನೆಯ ಒಂದು ಪಾಲನ್ನು ಕತ್ತರಿಸಿ ಇಟ್ಟುಕೊಂಡರೂ ಅಷ್ಟೇ ಮೆಗಾಪಿಕ್ಸೆಲ್ ಉಳಿಯುತ್ತದೆ. ಬಣ್ಣವೂ ಬೆಳಕೂ ಸಾಮಾನ್ಯವಾಗಿ ಮೇಲು. ಈ ಗುಣಾಕಾರ ಭಾಗಾಕಾರವನ್ನು ಅಂಗಡಿಯಲ್ಲಿಯೇ ಮಾಡಬೇಕು. ‘ಮ್ಯಾಕ್ರೋ’ ಎಂಬ ಅಚ್ಚಿಗಾಗಿ ಮಾತ್ರ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬಾರದೆಂಬುದು ನಮ್ಮ ಅಭಿಪ್ರಾಯ. ಅದಕ್ಕಿಂತ ನಮ್ಮ ವಾಚನಾಲಯದಲ್ಲಿ ಹಿರಿಯರಿಗಾಗಿ ಇಟ್ಟಿರುವ ಓದುವ ಮಸೂರವನ್ನು ಫೋನಿನ ಮುಖ್ಯ ಕಣ್ಣಿನ ಮುಂದೆ ಹಿಡಿದು ನೋಡಿ. ಅಂಚು ಮಸುಕಾದರೂ ನಡುಭಾಗ ಚೆನ್ನಾಗಿಯೇ ಬರುತ್ತದೆ.

ಹಾಗಾದರೆ ಮ್ಯಾಕ್ರೋ ವ್ಯರ್ಥವೇ? ಅಲ್ಲ. ಎಕ್ಕದ ಗಿಡವನ್ನು ತೆಗೆದುಕೊಳ್ಳಿ. ಲೋಧಿ ಕಾಲೋನಿ ರೈಲು ನಿಲ್ದಾಣದ ಕಡೆಯ ಪಾಳು ಜಾಗದಲ್ಲಿ ನಾವು ಅದನ್ನು ಕಂಡೆವು. (ಹಳಿಯ ಮೇಲೆ ಇಳಿಯಬೇಡಿ, ಹೂವು ಈಚೆಗೂ ಇದೆ.) ರಥಸಪ್ತಮಿಯ ದಿನ ಏಳು ಎಲೆ ಇಟ್ಟುಕೊಂಡು ಸ್ನಾನ ಮಾಡುವ ನಮಗೆ ಎಕ್ಕ ಹೊಸದಲ್ಲ. ಆದರೆ ಒಂದು ಗೇಣಿನಿಂದ ಕ್ಲೋಸಪ್ ತೆಗೆದು ನೋಡಿದಾಗ ಒಂದು ಭೇದ ಕಂಡಿತು. ನಮ್ಮ ಕಡೆ ಹೆಚ್ಚಾಗಿರುವ ದೊಡ್ಡ ಎಕ್ಕದ ದಳಗಳು ಅಗಲಕ್ಕೆ ಬಿಚ್ಚಿ ಹಿಂದಕ್ಕೆ ಬಾಗುತ್ತವೆ. ಇಲ್ಲಿಯ ಎಕ್ಕದ ದಳಗಳು ಬಟ್ಟಲಿನಂತೆ ಮೇಲಕ್ಕೆ ನಿಂತು, ತುದಿಯಲ್ಲಿ ಕೆನ್ನೀಲಿ ಬಣ್ಣ ಹಚ್ಚಿದಂತಿರುತ್ತವೆ. ಇದು ಬೇರೆಯೇ ಜಾತಿ. ಅದನ್ನು ಗುರುತಿಸಲು ಕ್ಲೋಸಪ್ಪೇ ಬೇಕು.

ಆದರೆ ಆ ಹೂವಿನ ನಡುವಿನ ಐದು ಮೂಲೆಯ ಕಿರೀಟದ ಸಂದಿನಲ್ಲಿ ಇನ್ನೊಂದು ವ್ಯವಸ್ಥೆಯಿದೆ. ಎಕ್ಕದ ಪರಾಗ ಪುಡಿಯಾಗಿ ಉದುರುವುದಿಲ್ಲ. ಚಿಕ್ಕ ಕಪ್ಪು ಗುಂಡಿಯೊಂದಕ್ಕೆ ಜೋತ ಎರಡು ಹಳದಿ ಚೀಲಗಳಲ್ಲಿ ಕಟ್ಟಿಟ್ಟಿರುತ್ತದೆ. ದುಂಬಿಯ ಕಾಲು ಆ ಸಂದಿನಲ್ಲಿ ಸಿಕ್ಕಿದಾಗ ಗುಂಡಿ ಕಚ್ಚಿಕೊಂಡು, ಜೋಡಿ ಚೀಲವೇ ಇನ್ನೊಂದು ಹೂವಿಗೆ ಸಾಗುತ್ತದೆ. ಬರಿಗಣ್ಣಿಗೆ ಸರಿಯಾಗಿ ಕಾಣದಂಥ ಇದನ್ನು ಚಿತ್ರದಲ್ಲಿ ತೋರಿಸಲು ಮ್ಯಾಕ್ರೋ ಬೇಕು. ಸಸ್ಯಶಾಸ್ತ್ರದವರು ತಮ್ಮ ಚಿತ್ರಗಳಲ್ಲಿ ಇಡೀ ರೆಂಬೆಯನ್ನೂ ಪಕ್ಕದಲ್ಲಿ ಹಿಗ್ಗಿಸಿದ ಹೂವಿನ ಭಾಗವನ್ನೂ ಬರೆಯುವುದು ಇದಕ್ಕಾಗಿಯೇ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ‘ಹಸುರು ಹೊನ್ನು’ ಪುಸ್ತಕಕ್ಕೆ ಬಿ. ಜಿ. ಎಲ್. ಸ್ವಾಮಿಯವರು ತಾವೇ ಬರೆದ ಚಿತ್ರಗಳನ್ನು ನೋಡಿ, ಆ ಕೈ ಎಷ್ಟು ಹತ್ತಿರದಿಂದ ಗಿಡಗಳನ್ನು ಬಲ್ಲುದೆಂಬುದು ತಿಳಿಯುತ್ತದೆ.

ಒಂದು ಎಚ್ಚರಿಕೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಬೇರೆ ಹೂವಾದರೆ ಗಾಳಿಗೆ ಅಲುಗದಂತೆ ತೊಟ್ಟನ್ನು ಎಡಗೈಯಲ್ಲಿ ಹಿಡಿಯಬಹುದು. ಎಕ್ಕವನ್ನು ಹಿಡಿಯಬೇಡಿ, ಮುರಿಯಬೇಡಿ.

ಅಭ್ಯಾಸಕ್ಕೆ ಫಾಲ್ಗುಣದ ಬೂರುಗದ ಹೂವಿನಂಥದು ಇನ್ನಿಲ್ಲ. ಅಂಗೈಯಗಲದ ಕೆಂಪು ಹೂವು ಇಡಿಯಾಗಿ ನೆಲಕ್ಕೆ ಬಿದ್ದಿರುತ್ತದೆ. ಅದಕ್ಕೆ ಮ್ಯಾಕ್ರೋ ಬೇಕೇ ಇಲ್ಲ. ಅದರ ಒಳಗಿನ ಕೇಸರದ ಕಟ್ಟಿಗೆ ಬೇಕು. ಹೊತ್ತು ಏರಿ ಬಿಸಿಗಾಳಿ ಏಳುವ ಮೊದಲೇ ಹೋಗಬೇಕು. ಪರದೆಯ ಮೇಲೆ ಬೇಕಾದ ಕಡೆ ಬೆರಳಿಟ್ಟು, ಉಸಿರು ಬಿಗಿಹಿಡಿದು ಮೂರು ನಾಲ್ಕು ಸಲ ತೆಗೆಯಬೇಕು. ಊರಿಗೆ ಕಳಿಸುವಾಗ ವಾಟ್ಸಾಪು ಚಿತ್ರವನ್ನು ಕುಗ್ಗಿಸುತ್ತದೆ. ಎಚ್‌ಡಿ ಎಂಬುದನ್ನು ಒತ್ತಿ ಕಳಿಸಿ.

ಫೋನು ಕೊಂಡ ಆ ಸದಸ್ಯರು ಮತ್ತು ನಾವು ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ವಾಚನಾಲಯದ ಬಾಗಿಲಿನಿಂದ ಹೊರಡುತ್ತೇವೆ. ಬರುವವರು ಬರಬಹುದು. ಓದುವ ಮಸೂರವನ್ನು ಕಾರ್ಯದರ್ಶಿಗಳ ಅಪ್ಪಣೆಯಿಂದ ಒಯ್ಯುತ್ತಿದ್ದೇವೆ. ಪತ್ರಿಕೆ ಓದುವ ಹಿರಿಯರು ಒಂಬತ್ತು ಗಂಟೆಯವರೆಗೆ ದಯವಿಟ್ಟು ತಾಳಿಕೊಳ್ಳಬೇಕು.